ಬೂದಿ ಹಾರದ ಹಾಗೆ

ಬಿಡದಿಯಲ್ಲಿ ನಮ್ಮ ಮನೆಯ ತಿರುವಿನಲ್ಲೇ ಒಂದು ಇಸ್ತ್ರಿ ಗಾಡಿ ಇದೆ. ಅಲ್ಲಿಗೆ ಬರುವುದೆಲ್ಲ ಹೆಚ್ಚುಕಮ್ಮಿ ಕಾರ್ಖಾನೆ ಹುಡುಗರ ಅಂಗಿಗಳು. ಎಲ್ಲವೂ ಒಂದೇ ಬಣ್ಣ, ಜೇಬಿನ ಮೇಲೆ ಒಂದೇ ಗುರುತು. ಆ ಬಟ್ಟೆ ಎಷ್ಟು ಬಿಸಿಯಾದರೂ ಒಂದು ವಾಸನೆಯೂ ಬರುವುದಿಲ್ಲ. ಹೋದ ವಾರ ನಾನು ಹಾಲು ತರಲು ಹೋದಾಗ ಇಸ್ತ್ರಿಯವನು ಯಾರದೋ ಹಳೆಯ ಹತ್ತಿ ಸೀರೆಗೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ. ಬುಸ್ಸೆಂದು ಹಬೆ ಎದ್ದು ನನ್ನ ಮುಖಕ್ಕೆ ಬಡಿಯಿತು. ಒಗೆದು ಒಗೆದು ಮೆತ್ತಗಾದ ಹತ್ತಿ ಬಿಸಿನೀರಿಗೆ ಸಿಕ್ಕಾಗ ಬರುವ ವಾಸನೆ. ಹಾಲಿನ ಪಾಕೀಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಏನ್ ಬೇಕಿತ್ತಮ್ಮ?" ಎಂದು ಕೇಳಿದ. ಏನೂ ಬೇಡಪ್ಪ, ಇನ್ನೊಂದು ಸಲ ಒತ್ತು ಅನ್ನಬೇಕೆನಿಸಿತು. ನಾಚಿಕೆಯಾಗಿ ಮನೆಗೆ ಬಂದೆ.

ಆ ವಾಸನೆ ಬಂದರೆ ನನಗೆ ಸಿದ್ದಮ್ಮ ನೆನಪಾಗುತ್ತಾಳೆ. ಸಿದ್ದಮ್ಮನ ಜೊತೆಗೆ ಅವಳ ಸೊಸೆ ರತ್ನ, ಆಸ್ಪತ್ರೆಯ ಆ ಒಂದೇ ಕಿಟಕಿಯ ಹೆರಿಗೆ ಕೋಣೆ, ಆ ವರ್ಷದ ಮಳೆಗಾಲ, ಎಲ್ಲವೂ ಒಟ್ಟಿಗೇ ಬರುತ್ತವೆ.

ಅದು ಎಂಬತ್ತರ ದಶಕ. ನರ್ಸ್ ಕೆಲಸಕ್ಕೆ ನಾನು ಹೊಸಬಳು. ಚನ್ನಪಟ್ಟಣದ ಪೇಟೆಯಲ್ಲಿ ಬೆಳೆದ ನನ್ನನ್ನು ಮಾಗಡಿ ಕಡೆಯ ಒಂದು ಹಳ್ಳಿಯ ಆಸ್ಪತ್ರೆಗೆ ಹಾಕಿದರು. ಕಲ್ಯ ಎನ್ನುವ ಊರು ದಾಟಿ ಇನ್ನಷ್ಟು ದೂರ ಹೋಗಬೇಕು. ಸುತ್ತ ಬಂಡೆ, ಬಂಡೆಯ ನಡುವೆ ರಾಗಿ ಹೊಲ, ನೀರಿದ್ದ ಕಡೆ ರೇಷ್ಮೆ ಸೊಪ್ಪಿನ ತೋಟ. ಮನೆಮನೆಯಲ್ಲೂ ಹುಳ ಸಾಕುತ್ತಿದ್ದರು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವ ದಿನ ಊರಿನ ಗಂಡಸರು ಆಸ್ಪತ್ರೆಯ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಹೆಂಡತಿಗೆ ನೋವು ಬಂದಿದ್ದರೂ ಸರಿಯೆ.

ಹೆಂಗಸರು ಮಾತ್ರ ಯಾವಾಗಲೂ ಹಾಜರು. ಹೆರಿಗೆ ಕೋಣೆಯೊಳಗೆ ನಾವು ಯಾರನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಅವರೆಲ್ಲ ಕಿಟಕಿಯಲ್ಲಿ ಇರುತ್ತಿದ್ದರು. ತಾಯಿ, ಅತ್ತೆ, ಅಕ್ಕ, ಪಕ್ಕದ ಮನೆಯವಳು, ಹಾಲು ಹಾಕಲು ಹೊರಟಿದ್ದವಳು, ಒಬ್ಬರ ಮೇಲೊಬ್ಬರು. ಒಳಗೆ ನೋವು ಎದ್ದರೆ ಸಾಕು, ಹೊರಗಿನಿಂದ ಒಂದೇ ಕೂಗು: "ಮುಕ್ಕು ಕಣೇ, ಮುಕ್ಕು!" ಉಸಿರು ಕಟ್ಟಿ ಕೆಳಕ್ಕೆ ಒತ್ತುವುದಕ್ಕೆ ಆ ಕಡೆ ಮುಕ್ಕುವುದು ಎನ್ನುತ್ತಾರೆ. ಇನ್ನೂ ಹೊತ್ತಾಗದಿದ್ದರೂ ಮುಕ್ಕು. ಮಗುವಿನ ತಲೆ ಬಾಗಿಲಿಗೆ ಬಂದಿದ್ದರೂ ಮುಕ್ಕು. ನಾನು ಕಿಟಕಿ ಹಾಕಿದರೆ ಬಾಗಿಲಿಗೆ ಬರುತ್ತಿದ್ದರು. ಬಾಗಿಲು ಹಾಕಿದರೆ ಕಿಟಕಿಯ ಸಂದಿನಲ್ಲಿ ಬಾಯಿ ಇಟ್ಟು ಕೂಗುತ್ತಿದ್ದರು.

ಈ ಮೇಳಕ್ಕೆಲ್ಲ ಯಜಮಾನಿ ಸಿದ್ದಮ್ಮ. ಕೆರೆಯ ಆಚೆ ದನ ಮೇಯಿಸುವವನನ್ನು ಈಚೆಯಿಂದ ಊಟಕ್ಕೆ ಕರೆಯಬಲ್ಲ ಗಂಟಲು ಅವಳದು. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ನೋವು ಬಂದರೂ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಸಿದ್ದಮ್ಮ ಕೂಗಿದರೆ ಮಗು ಹೆದರಿಕೊಂಡು ಆಚೆ ಬರುತ್ತದೆ ಎಂದು ನಮ್ಮ ಆಸ್ಪತ್ರೆಯ ಆಯಾ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಯಾಕೆಂದರೆ ಆ ಕೂಗಿನ ಫಲ ನೋಡುತ್ತಿದ್ದವಳು ನಾನು. ಮಗುವಿನ ತಲೆ ಪೂರ್ತಿ ಕಾಣಿಸಿ ಇನ್ನೇನು ಬಂತು ಎನ್ನುವ ಗಳಿಗೆ ಇದೆಯಲ್ಲ, ಆಗ ತಾಯಿ ಮುಕ್ಕಬಾರದು. ಮುಕ್ಕಿದರೆ ತಲೆ ದಡಕ್ಕನೆ ನುಗ್ಗುತ್ತದೆ. ಕೆಳಗಿನ ಚರ್ಮಕ್ಕೂ ಮಾಂಸಕ್ಕೂ ಹಿಗ್ಗಲು ಹೊತ್ತು ಸಿಗದೆ ಹರಿದುಹೋಗುತ್ತದೆ. ಕೆಲವರಿಗೆ ಹಿಂದಿನ ದಾರಿಯವರೆಗೂ ಹರಿಯುತ್ತದೆ. ಮಗು ಬಂದ ಸಂತೋಷದಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ತಾಯಿ ಹೇಳುವುದಿಲ್ಲ. ನಮಗೆ ಹೆರಿಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರಿದ್ದರು, ಬಹಳ ಖಡಕ್ಕು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೆಳಗೆ ಒತ್ತಿ ಹಿಡಿದು ಚರ್ಮವನ್ನು ಮೆತ್ತಗಾಗಿಸುವುದು, ಒಂದು ಕೈಯಲ್ಲಿ ಮಗುವಿನ ತಲೆಯ ಓಟ ತಡೆದು ಇನ್ನೊಂದರಲ್ಲಿ ತಾಯಿಯ ಮೈಗೆ ಆಸರೆ ಕೊಡುವುದು, ಇದನ್ನೆಲ್ಲ ಕಲಿಸಿದವರು ಅವರೇ. "ಕೈಗಿಂತ ಮೊದಲು ಬಾಯಿ ಕೆಲಸ ಮಾಡಬೇಕು" ಎನ್ನುತ್ತಿದ್ದರು. ತಾಯಿ ನಮ್ಮ ಮಾತು ಕೇಳುವ ಹಾಗಿದ್ದರೆ ಅರ್ಧ ಗೆದ್ದ ಹಾಗೆ ಎಂದು ಅದರ ಅರ್ಥ. ಕಿಟಕಿಯಲ್ಲಿ ಸಿದ್ದಮ್ಮ ಇದ್ದರೆ ನನ್ನ ಮಾತನ್ನು ಯಾರು ಕೇಳುತ್ತಾರೆ?

ಪುಷ್ಯ ಮಳೆ ಜಿನುಗುತ್ತಿದ್ದ ಒಂದು ದಿನ ಆ ಸಿದ್ದಮ್ಮನೇ ತನ್ನ ಸೊಸೆಯನ್ನು ಮುಂದೆ ಬಿಟ್ಟುಕೊಂಡು ಬಂದಳು. ಸೊಸೆ ರತ್ನ, ಸಣಕಲು ಮೈ, ದೊಡ್ಡ ಕಣ್ಣು. ಸಿದ್ದಮ್ಮ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಇವ್ಳಿಗೆ ಐದ್ ತಿಂಗ್ಳು ತುಂಬೈತೆ ಕಣ್ರವ್ವ, ಒಸಿ ನೋಡಿ. ಮೊದಲ್ನೇದು ಮೂರ್ ವರ್ಸದ್ ಹಿಂದೆ ತವ್ರುಮನೇಲಿ ಆಗಿ ಕೆಟ್ಟೋಯ್ತು. ಮಗೀಗೇನೂ ಆಗ್ಲಿಲ್ಲ, ಇವ್ಳಿಗೇ. ಈ ಸಲ ನಾ ಕಳ್ಸಾಕಿಲ್ಲ. ನಾನೇ ನಿಂತ್ಕಂಡು ಮಾಡಿಸ್ತೀನಿ."

"ಹೆರೋಳು ಅವಳು. ನೀವು ನಿಂತ್ಕೊಂಡು ಮಾಡಿಸೋದೇನು ಬಂತು?" ಎಂದೆ. ಆ ದಿನಗಳಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ.

"ಅಯ್ಯ, ನಾ ಕೂಗ್ದೆ ಇದ್ರೆ ಇವ್ಳು ಹೆತ್ತಾಳಾ!" ಎಂದು ಎಲೆಯಡಿಕೆ ಹಾಕಿಕೊಳ್ಳಲು ಹೊರಗಿನ ಹುಣಸೆಮರದ ಕಡೆಗೆ ಹೋದಳು.

ಅತ್ತೆ ಅತ್ತ ಹೋದದ್ದೇ ತಡ, ರತ್ನ ನನ್ನ ಮೊಣಕೈ ಹಿಡಿದುಕೊಂಡಳು. "ಮತ್ತೆ ಹರೀತದಾ ಸಿಸ್ಟರಮ್ಮ?"

ಅವಳು ಕೇಳಿದ್ದು ಅದೊಂದೇ. ಮಗು ಚೆನ್ನಾಗಿದೆಯಾ ಎಂದಾಗಲಿ, ಗಂಡೋ ಹೆಣ್ಣೋ ಎಂದಾಗಲಿ ಕೇಳಲಿಲ್ಲ. ಬಾಗಿಲು ಮುಂದೆ ಮಾಡಿ ಅವಳನ್ನು ಕೂರಿಸಿದೆ. ಮೊದಲ ಹೆರಿಗೆಯಲ್ಲಿ ಸುತ್ತ ನಿಂತವರೆಲ್ಲ ಮುಕ್ಕು ಮುಕ್ಕು ಎಂದು ಕೂಗಿ, ಇವಳು ಇದ್ದ ಶಕ್ತಿಯನ್ನೆಲ್ಲ ಹಾಕಿ ಮುಕ್ಕಿ, ಹಿಂದಿನವರೆಗೂ ಹರಿದುಹೋಗಿತ್ತು. ತಡವಾಗಿ ಹಾಕಿದ ಹೊಲಿಗೆ ಕೂಡಲಿಲ್ಲ.

"ಕೆಮ್ಮಂಗಿಲ್ಲ, ಸೀನಂಗಿಲ್ಲ, ನಗಂಗಿಲ್ಲ. ಯಾವಾಗ ಏನಾಗ್ಬುಡ್ತದೋ ಅಂತ. ಗಾಳಿ ತಡಿಯಾಕಾಗ್ತಿರ್ಲಿಲ್ಲ. ಒಂದೊಂದ್ ಸಲ ಅದೂ..." ಎಂದು ತಲೆ ತಗ್ಗಿಸಿದಳು. "ಮದುವೆ ಮನೇಲಿ ಪಂಕ್ತೀಲಿ ಕುಂತ್ಕಂಡು ಉಂಡಿಲ್ಲ ನಾನು. ಬಸ್ ಹತ್ತಿಲ್ಲ. ಕೊನೀಗೆ ಅತ್ತೆ ಹುಳದ ಮನೆಗೂ ಬರಬ್ಯಾಡ ಅಂದ್ಬುಟ್ರು. ಬೈಲಿಲ್ಲ. ಬಾಗ್ಲಲ್ಲಿ ಕೈ ಅಡ್ಡ ಮಡಗಿದ್ರು, ಅಷ್ಟೇಯ."

ಹುಳದ ಮನೆ ಎಂದರೆ ಆ ಕಡೆ ದೇವರ ಮನೆಗಿಂತ ಹೆಚ್ಚು. ಮೈಲಿಗೆಯಾಗಬಾರದು, ಕೆಟ್ಟ ವಾಸನೆ ಸುಳಿಯಬಾರದು, ಹುಳ ಕೆಡುತ್ತದೆ ಎಂದು ನಂಬಿದವರು. ರತ್ನನ ಕೈಗೆ ಹುಳ ಚೆನ್ನಾಗಿ ಒಗ್ಗುತ್ತಿತ್ತಂತೆ. ಆ ಮನೆಯಲ್ಲಿ ಅವಳಿಗೆ ಬೆಲೆ ಇದ್ದದ್ದೇ ಆ ಕೆಲಸದಿಂದ. ಅದನ್ನೂ ಕಳೆದುಕೊಂಡು ವರ್ಷದ ಮೇಲೆ ಕೊಟ್ಟಿಗೆಯ ಮಗ್ಗುಲಲ್ಲಿ ಮಗು ಕಟ್ಟಿಕೊಂಡು ಕೂತಿದ್ದಳು. ಆಮೇಲೆ ಗಂಡ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಮತ್ತೆ ಹೊಲಿಸಿದ್ದ. ಅದು ಕೂಡಿತು. ಹುಳದ ಮನೆಯ ಬಾಗಿಲಲ್ಲಿ ಅಡ್ಡ ಇದ್ದ ಕೈಯನ್ನು ಸಿದ್ದಮ್ಮ ತೆಗೆದಳು. ಈಗ ಮತ್ತೆ ಬಸುರಿ. ಬಸುರಾದ ಮೇಲೂ ಆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಿದ್ದಳು. ಒಳಗಿನ ಮಾಂಸಖಂಡ ಚೆನ್ನಾಗಿ ಕೂಡಿಕೊಂಡಿದೆ, ಸಹಜ ಹೆರಿಗೆಯೇ ಆಗಬಹುದು, ಆದರೆ ಮೆಲ್ಲಗೆ ಆಗಬೇಕು ಎಂದು ಅಲ್ಲಿಯ ಲೇಡಿ ಡಾಕ್ಟರು ಹೇಳಿದ್ದರಂತೆ.

"ಮೆಲ್ಲಗೆ ಅಂದ್ರೆ ಹೆಂಗೆ ಸಿಸ್ಟರಮ್ಮ? ಅದು ನನ್ ಕೈಲೈತಾ?"

"ಹರಿಯೋದೇ ಇಲ್ಲ ಅಂತ ನಾನು ಬರೆದುಕೊಡೋಕಾಗಲ್ಲ ರತ್ನ. ಹರಿಯದ ಹಾಗೆ ನೋಡ್ಕೊಳ್ಳೋಕೆ ಏನೇನು ಮಾಡ್ಬೇಕೋ ಅಷ್ಟನ್ನೂ ಮಾಡ್ತೀನಿ. ಅದ್ರಲ್ಲಿ ಅರ್ಧ ನಿನ್ನ ಕೈಲೇ ಇದೆ" ಎಂದೆ.

ಅವಳ ಒಂದು ಅಭ್ಯಾಸವನ್ನು ನಾನು ಆಗಲೇ ಗಮನಿಸಿದ್ದು. ಅವಳು ನಗುತ್ತಿರಲಿಲ್ಲ. ನಗು ಬಂದರೆ ಕಣ್ಣು ಮಾತ್ರ ನಗುತ್ತಿತ್ತು, ತುಟಿ ಬಿಗಿ, ಹೊಟ್ಟೆ ಬಿಗಿ, ತೊಡೆ ಬಿಗಿ. ಮೈ ಸರಿಹೋಗಿ ಎಷ್ಟೋ ತಿಂಗಳಾಗಿದ್ದರೂ ಹೆದರಿಕೆ ಬಿಟ್ಟಿರಲಿಲ್ಲ.

ಆ ಮಳೆಗಾಲವಿಡೀ ರತ್ನ ತಪಾಸಣೆಗೆ ಬಂದಾಗಲೆಲ್ಲ ಅವಳಿಗೆ ಊದುವುದನ್ನು ಕಲಿಸಿದೆ. ಕೊನೆಯ ಗಳಿಗೆಯಲ್ಲಿ ಮುಕ್ಕಬೇಕೆನ್ನುವ ಒತ್ತಡ ತಡೆಯಲಾಗುವುದಿಲ್ಲ. ಬಾಯಿ ತೆರೆದು ಉಸಿರು ಹೊರಗೆ ಬಿಡುತ್ತಿದ್ದರೆ ಮುಕ್ಕಲು ಆಗುವುದಿಲ್ಲ. ಮೊದಲು 'ಉಫ್ ಉಫ್' ಎಂದು ತೋರಿಸಿದೆ. ಅವಳು ಊದಿದ್ದು ನೋಡಿದರೆ ದೀಪ ಆರಿಸುವ ಹಾಗೆ. ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಆಯಾ ಹಿಂದುಗಡೆ ಊದುಗೊಳವೆ ಹಿಡಿದು ನೀರೊಲೆ ಊದುತ್ತಿದ್ದಳು. "ನೋಡು, ಒಲೇಲಿ ಕೆಂಡ ಇದೆ, ಮೇಲೆ ಬೂದಿ ಮುಚ್ಚಿದೆ. ಕೆಂಡ ಕೆಂಪಾಗಬೇಕು, ಬೂದಿ ಹಾರಬಾರದು. ಹಾಗೆ ಊದು" ಎಂದೆ. ಅದು ತಕ್ಷಣ ಅರ್ಥವಾಯಿತು. ಹುಟ್ಟಿದಾಗಿನಿಂದ ಒಲೆ ಊದಿದವಳಲ್ಲವೇ. ಮನೆಯಲ್ಲೂ ದಿನಾ ಮುದ್ದೆಗೆ ಎಸರಿಡುವಾಗ ಅಭ್ಯಾಸ ಮಾಡುತ್ತಿದ್ದಳಂತೆ.

ಸಿದ್ದಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. ಆಸ್ಪತ್ರೆಯ ಅಂಗಳದಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಅಲ್ಲ ಕಣ್ ನರ್ಸಮ್ಮ, ಮುಕ್ಕುದ್ರೇನೆ ಬರಾಕಿಲ್ಲ ಅಂತದೆ ಮಗ. ಊದುದ್ರೆ ಬರಾಕೆ ಅದೇನ್ ಬಲೂನಾ?"

"ಮುಕ್ಕೋ ಹೊತ್ತಲ್ಲಿ ಮುಕ್ಕಲಿ, ಬೇಡ ಅಂದ್ನಾ? ತಲೆ ಬಾಗಿಲಿಗೆ ಬಂದಾಗ ಊದ್ಬೇಕು."

"ನಾ ಆರು ಹೆತ್ತಿವ್ನಿ. ಒಂದ್ಕೂ ಊದಿಲ್ಲ."

ನಾನಿನ್ನೂ ಮದುವೆಯಾಗದವಳು.

ಉತ್ತರೆ ಮಳೆಯ ಹೊತ್ತಿಗೆ ಒಂದು ದಿನ ಮನೆ ಭೇಟಿಗೆಂದು ಅವರ ಊರಿಗೆ ಹೋದೆ. ಸಿದ್ದಮ್ಮ ಹುಳದ ಮನೆಯ ಬಾಗಿಲಲ್ಲೇ ನನ್ನನ್ನು ತಡೆದು ಮೂಗು ಅರಳಿಸಿದಳು. "ಪೌಡ್ರು ಬಳ್ಕಂಡಿದೀರಾ?" ಮುಖ ತೊಳೆಸಿದಳು, ಕಾಲು ತೊಳೆಸಿದಳು, ತಲೆಯಲ್ಲಿದ್ದ ಮಲ್ಲಿಗೆ ತೆಗೆಸಿ ಗೂಟಕ್ಕೆ ನೇತುಹಾಕಿದಳು. ಆಮೇಲೆ ಗೋಣಿತಾಟಿನ ಪರದೆ ಸರಿಸಿ ಒಳಗೆ ಬಿಟ್ಟಳು.

ಒಳಗೆ ಮಬ್ಬುಗತ್ತಲು, ತಣ್ಣಗಿತ್ತು. ಸಾಲಾಗಿ ಬಿದಿರಿನ ತಟ್ಟೆಗಳು. ಹುಳ ಸೊಪ್ಪು ಮೇಯುವಾಗ ಸಣ್ಣ ಮಳೆ ಬಿದ್ದ ಹಾಗೆ ಸದ್ದಿರುತ್ತದೆ ಎಂದು ಕೇಳಿದ್ದೆ. ಅಲ್ಲಿ ಯಾವ ಸದ್ದೂ ಇರಲಿಲ್ಲ. ಹುಳಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ರತ್ನ ತಟ್ಟೆಯ ಅಂಚಿಗೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಿದ್ದಳು.

"ಯಾಕೆ, ಸೊಪ್ಪು ಹಾಕಿಲ್ವಾ?" ಎಂದು ನನ್ನ ಮಾಮೂಲಿ ದನಿಯಲ್ಲಿ ಕೇಳಿದೆ.

"ಶ್!" ಎಂದಳು ಸಿದ್ದಮ್ಮ. ಕೆರೆಯಾಚೆಗೆ ಕೂಗುವ ಅದೇ ಸಿದ್ದಮ್ಮ, ಪಿಸುಗುಟ್ಟುತ್ತಿದ್ದಳು! "ಜ್ವರಕ್ಕೆ ಕುಂತವೆ. ಸದ್ದು ಮಾಡ್ಬ್ಯಾಡಿ."

ಹುಳ ಹಳೆಯ ಪೊರೆ ಕಳಚಿ ದೊಡ್ಡದಾಗುವ ಹೊತ್ತಿಗೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ತಟ್ಟೆ ಅಲ್ಲಾಡಿಸುವ ಹಾಗಿಲ್ಲ. "ಪೊರೆ ತಾನಾಗೇ ಬುಡ್ಬೇಕು. ನಾವು ಅವಸ್ರ ಮಾಡುದ್ರೆ ಮೈ ಹರ್ಕತದೆ, ಹುಳ ಕೆಟ್ಟೋಯ್ತದೆ" ಎಂದು ಸಿದ್ದಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ನನಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿತ್ತೇ? ನಾನೂ ಪಿಸುದನಿಯಲ್ಲೇ ಹೇಳಿದೆ. "ಅಮ್ಮ, ನಾನು ಬಡ್ಕೋತಿರೋದು ಇದನ್ನೇ. ಮಗು ತಲೆ ಬಾಗಿಲಿಗೆ ಬಂದ ಹೊತ್ತೂ ಹೀಗೇ, ಜ್ವರಕ್ಕೆ ಕೂತ ಹಾಗೆ. ಅವಸರ ಮಾಡಿದ್ರೆ ತಾಯಿ ಮೈ ಹರಿಯುತ್ತೆ."

ಸಿದ್ದಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹುಳಾನ ಮಗೀಗೆ ಹೋಲಿಸ್ತೀರಲ್ಲ ಕಣವ್ವ, ಓದಿರೋರು ನೀವು!" ಎಂದು ಹೊರಗೆ ಕಳಿಸಿ ನನ್ನ ಮಲ್ಲಿಗೆ ನನ್ನ ಕೈಗೆ ಕೊಟ್ಟಳು. ಪರದೆಯ ಹಿಂದೆ ರತ್ನನ ಕಣ್ಣು ನಗುತ್ತಿತ್ತು, ತುಟಿ ಬಿಗಿದೇ ಇತ್ತು. ದಾರಿಯುದ್ದಕ್ಕೂ ನಾನು ಸಿದ್ದಮ್ಮನನ್ನು ಬೈದುಕೊಂಡೇ ಬಂದೆ.

ಇನ್ನೊಂದು ಕಡೆ ನಮ್ಮ ಡಾಕ್ಟರು. ಒಳ್ಳೆಯವರು, ನಮ್ಮ ಮಾತಿಗೆ ಕಿವಿಗೊಡುವವರು. ಆದರೆ ಆ ಕಾಲದಲ್ಲಿ ಎಲ್ಲ ಕಡೆಯೂ ಇದ್ದ ಪದ್ಧತಿಯೇ ಅವರದೂ. ಹರಿಯುವ ಭಯವಿದ್ದರೆ ತಾವೇ ಮೊದಲು ಪಕ್ಕಕ್ಕೆ ಕತ್ತರಿಸಿ, ಮಗು ಬಂದ ಮೇಲೆ ಹೊಲಿಯುವುದು.

"ಹಳೇ ಹೊಲಿಗೆ ಇರೋ ಜಾಗ ಸಿಸ್ಟರ್. ಮತ್ತೆ ಅಲ್ಲೇ ಸೀಳಿದ್ರೆ ಕಷ್ಟ. ಕತ್ತರಿ ಹಾಕಿಬಿಡೋದೇ ವಾಸಿ" ಎಂದರು.

"ಸರ್, ಬಿಸಿ ಬಟ್ಟೆ ಇಟ್ಟು ನಿಧಾನವಾಗಿ ಮಾಡಿಸಿ ನೋಡ್ತೀನಿ. ಚರ್ಮ ಬಿಳುಚಿಕೊಂಡು ಬಿಗಿದ್ರೆ ನಾನೇ ನಿಮ್ಮನ್ನ ಕೂಗ್ತೀನಿ."

"ಆಯ್ತು, ನಾನು ಪಕ್ಕದಲ್ಲೇ ಇರ್ತೀನಿ. ಕತ್ತರಿ ಮಾತ್ರ ಟ್ರೇಯಲ್ಲಿ ರೆಡಿ ಇರಲಿ."

ಸ್ವಾತಿ ಮಳೆ ಹಿಡಿದಿತ್ತು. ರಾಗಿ ತೆನೆ ತೂಗುತ್ತಿದ್ದ ಸಮಯ. ಬೆಳಗಿನ ಹಾಲಿನ ವ್ಯಾನು ಡೇರಿಗೆ ಹೋಗುವ ಬದಲು ನೇರ ಆಸ್ಪತ್ರೆಯ ಮುಂದೆ ಬಂದು ನಿಂತಿತು. ಕ್ಯಾನುಗಳ ನಡುವೆ ಗೋಣಿಚೀಲ ಹೊದ್ದು ರತ್ನ, ಅವಳನ್ನು ತಬ್ಬಿಕೊಂಡು ಸಿದ್ದಮ್ಮ. ನೋಡಿದೆ, ನೋವು ಚೆನ್ನಾಗಿ ಹಿಡಿದಿತ್ತು. ಮಗು ಸರಿಯಾಗಿ ಇಳಿದಿತ್ತು.

ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಕಿಟಕಿಯ ಕಡೆಗೆ ಹೊರಟಳು. ನನಗೆ ಅದೇನು ಹೊಳೆಯಿತೋ, "ಅಮ್ಮ, ನೀವು ಒಳಗೆ ಬನ್ನಿ" ಎಂದೆ. ಆಯಾ ಬಾಯಿ ಬಿಟ್ಟು ನನ್ನನ್ನೇ ನೋಡಿದಳು. ಕಿಟಕಿಯಲ್ಲಿ ನಿಂತ ಸಿದ್ದಮ್ಮನಿಗಿಂತ ಕೆಲಸ ಹಚ್ಚಿದ ಸಿದ್ದಮ್ಮ ವಾಸಿ ಎಂದು ನನ್ನ ಲೆಕ್ಕ. ಕೈ ತೊಳೆಸಿ, ಸೀಮೆಎಣ್ಣೆ ಸ್ಟೌವಿನ ಪಕ್ಕ ನಿಲ್ಲಿಸಿದೆ. ಹಳೆಯ ಹತ್ತಿ ಸೀರೆಗಳನ್ನು ಹರಿದು ಕುದಿಸಿ ಒಣಗಿಸಿಟ್ಟಿದ್ದ ತುಂಡುಗಳಿದ್ದವು. ಅವನ್ನು ಕುದಿಸಿದ ಬಿಸಿನೀರಿಗೆ ಅದ್ದಿ ಹಿಂಡಿ ನನಗೆ ಕೊಡುತ್ತಿರಬೇಕು. ತಣ್ಣಗಾದರೆ ಬೇರೆ. ಅವಳ ಕೈಗೆ ಬಿಸಿಯೇ ತಾಗುತ್ತಿರಲಿಲ್ಲ. ಮೊದಲನೆಯ ಬಟ್ಟೆಯನ್ನು ನನ್ನ ಮಣಿಕಟ್ಟಿನ ಒಳಗಡೆ ಇಟ್ಟು ನೋಡಿದರೆ ಸುಟ್ಟೇ ಹೋಯಿತು.

"ಇದೇನಮ್ಮ, ನನ್ನೇ ಬೇಯಿಸ್ತೀರಾ? ಮಗೂಗೆ ನೀರು ಹಾಕೋ ಅಷ್ಟು ಬಿಸಿ ಇದ್ರೆ ಸಾಕು."

"ಹಂಗನ್ನಿ ಮತ್ತೆ" ಎಂದು ತಣ್ಣೀರು ಬೆರೆಸಿದಳು. ಅಲ್ಲಿಂದಾಚೆಗೆ ಹದ ತಪ್ಪಲಿಲ್ಲ. ಆದರೂ ನಾನು ಪ್ರತಿ ಸಲ ಮಣಿಕಟ್ಟಿಗೆ ಇಟ್ಟು ನೋಡಿಯೇ ಇಡುತ್ತಿದ್ದೆ.

ರತ್ನನನ್ನು ಅಂಗಾತ ಮಲಗಿಸಿ ಕಾಲು ಎತ್ತಿ ಕಟ್ಟುವ ಬದಲು ಎಡಮಗ್ಗುಲಾಗಿ ಮಲಗಿಸಿದೆ. ಮೇಲಿನ ಕಾಲನ್ನು ಆಯಾ ಹಿಡಿದುಕೊಂಡಳು. ನೋವು ಬಂದಾಗಲೆಲ್ಲ ಬಿಸಿ ಬಟ್ಟೆ ಒತ್ತಿ ಹಿಡಿದೆ. ಆ ಬಿಸಿ ತಾಗಿದ ಕೂಡಲೇ ಅವಳ ಬಿಗಿದ ಮೈ ಸಡಿಲವಾಗುತ್ತಿತ್ತು. ಕೋಣೆಯೆಲ್ಲ ಹಬೆ, ಹತ್ತಿ ಬಟ್ಟೆಯ ವಾಸನೆ, ಹೊರಗೆ ಹಂಚಿನ ಮೇಲೆ ಮಳೆ. ಸಿದ್ದಮ್ಮನ ಬಾಯಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ನೋವು ಏರಿದ ಕೂಡಲೇ "ಮುಕ್..." ಎಂದು ಶುರುವಾಗುತ್ತಿತ್ತು.

"ಅಮ್ಮ, ಬಟ್ಟೆ!"

ಹಿಂಡಿ ಕೊಡುತ್ತಿದ್ದಳು. ಮತ್ತೆ ನೋವು. ಮತ್ತೆ "ಮುಕ್..."

"ಅಮ್ಮ, ಬಟ್ಟೆ!"

ಬೇಕಿದ್ದ ಬಟ್ಟೆಗಿಂತ ಹೆಚ್ಚೇ ಹಿಂಡಿಸಿದೆ. ಮುಕ್ಕಬೇಕಾದ ಹೊತ್ತು ಬಂದಾಗ ರತ್ನ ಚೆನ್ನಾಗಿಯೇ ಮುಕ್ಕಿದಳು, ತನ್ನ ಮೈ ಹೇಳಿದ ಹಾಗೆ, ಯಾರೂ ಕೂಗದೆ. ಮಗುವಿನ ಕೂದಲು ಕಂಡಿತು, ಹಿಂದೆ ಸರಿಯಿತು, ಮತ್ತೆ ಕಂಡಿತು. ಡಾಕ್ಟರು ಬಾಗಿಲಲ್ಲಿ ನಿಂತು ಇಣುಕಿ ನೋಡಿದರು, ಟ್ರೇಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ. ನಾನು ಬೇಡವೆಂದು ತಲೆಯಲ್ಲಾಡಿಸಿದೆ. ಚರ್ಮ ಹಿಗ್ಗುತ್ತಿತ್ತು. ಹಳೆಯ ಹೊಲಿಗೆಯ ಗುರುತು ತೆಳ್ಳಗೆ ಹೊಳೆಯುತ್ತಿತ್ತು, ಆದರೆ ಬಿಳುಚಿರಲಿಲ್ಲ.

ಆಮೇಲೆ ಆ ಗಳಿಗೆ ಬಂದೇಬಿಟ್ಟಿತು. ತಲೆ ಹಿಂದೆ ಸರಿಯಲಿಲ್ಲ. ನನ್ನ ಎಡಗೈ ಮಗುವಿನ ತಲೆಯ ಮೇಲೆ, ಬಲಗೈ ರತ್ನನ ಮೈಗೆ ಆಸರೆ. ಎರಡೂ ಕೈ ಕಟ್ಟಿಹಾಕಿದ ಹಾಗೆ.

"ಊದು ರತ್ನ, ಈಗ ಊದು" ಎಂದೆ.

ಅವಳಿಗೆ ಕೇಳಿಸಲೇ ಇಲ್ಲ. ಅಷ್ಟು ತಿಂಗಳು ಕಲಿತದ್ದೆಲ್ಲ ಆ ಉರಿಯಲ್ಲಿ ಮರೆತೇ ಹೋಗಿತ್ತು. ಕತ್ತು ಹೊರಳಿಸಿ ಸಿದ್ದಮ್ಮನನ್ನು ನೋಡಿದಳು. "ತಡಿಯಾಕಾಯ್ತಿಲ್ಲ ಅತ್ತೆ, ಮುಕ್ಬುಡ್ತೀನಿ, ಮುಕ್ಬುಡ್ಲಾ ಅತ್ತೆ?"

ಅತ್ತೆ ಹೂಂ ಅಂದರೆ ಮುಗಿಯಿತು. ಆ ಮನೆಯಲ್ಲಿ ಅತ್ತೆಯನ್ನು ಕೇಳದೆ ಒಂದು ಹಿಡಿ ಸೊಪ್ಪನ್ನೂ ಕೊಯ್ಯದ ಸೊಸೆ ಅವಳು. ಬಟ್ಟೆ ಕೇಳೋಣವೆಂದರೆ ಇಡಲು ನನಗೆ ಕೈಯಿಲ್ಲ. ಸಿದ್ದಮ್ಮ ಎದೆ ತುಂಬ ಉಸಿರೆಳೆದುಕೊಂಡದ್ದು ನನ್ನ ಬೆನ್ನ ಹಿಂದೆ ಕೇಳಿಸಿತು. ಆ ಉಸಿರು ನನಗೆ ಚೆನ್ನಾಗಿ ಗೊತ್ತು, ಎಷ್ಟು ಹೆರಿಗೆಗಳಲ್ಲಿ ಕೇಳಿರಲಿಲ್ಲ! ಕೆಟ್ಟೆವು ಎಂದುಕೊಂಡೆ.

ಕೂಗು ಬರಲಿಲ್ಲ. ಸಿದ್ದಮ್ಮ ನನ್ನನ್ನು ದಾಟಿಕೊಂಡು ಹೋಗಿ ಸೊಸೆಯ ತಲೆದೆಸೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳ ಹಣೆಗೆ ಹಣೆ ತಾಗಿಸಿ, ಹುಳದ ಮನೆಯ ಅದೇ ಪಿಸುದನಿಯಲ್ಲಿ ಹೇಳಿದಳು.

"ಬ್ಯಾಡ ಕಣ್ ಮಗ. ಜ್ವರಕ್ಕೆ ಕುಂತೈತೆ. ಅಲ್ಲಾಡ್ಬ್ಯಾಡ. ಊದು, ನನ್ ಜೊತೇಲಿ ಊದು... ಬೂದಿ ಹಾರ್ಬಾರ್ದು ನೋಡು... ಹಂಗೇ... ಹಂಗೇ ನನ್ನವ್ವ."

ಇಬ್ಬರೂ ಊದಿದರು. ನನಗೆ ಗೊತ್ತಿಲ್ಲದೆ ನಾನೂ ಊದುತ್ತಿದ್ದೆ, ಆಯಾ ಕೂಡ. ಆ ಉಸಿರಿನಲ್ಲಿ ಮಗುವಿನ ನೆತ್ತಿ, ಹಣೆ, ಮೂಗು, ಗಲ್ಲ, ಒಂದೊಂದಾಗಿ ನನ್ನ ಅಂಗೈಗೆ ಇಳಿದವು. ಎಲ್ಲಿಯೂ ದಡಕ್ಕನೆ ನುಗ್ಗಲಿಲ್ಲ. ಮುಂದಿನ ನೋವಿನಲ್ಲಿ ಭುಜಗಳು ಬಂದವು, ಆಮೇಲೆ ಇಡೀ ಮಗು ಜಾರಿ ಬಂದು ಕಿರುಚಿತು. ಹೆಣ್ಣು.

"ಹರೀತಾ ಸಿಸ್ಟರಮ್ಮ?" ಮಗುವಿನ ಅಳುವಿನ ನಡುವೆ ರತ್ನ ಕೇಳಿದಳು.

"ತಡಿ, ನೋಡ್ತೀನಿ."

ಮಾಸು ಬಿದ್ದ ಮೇಲೆ ಟಾರ್ಚು ಹಿಡಿಸಿಕೊಂಡು ನೋಡಿದೆ. ಒಂದು ಸಲ ನೋಡಿದ್ದು ಸಾಲದೆ ಮತ್ತೊಮ್ಮೆ ನೋಡಿದೆ. ಮುಂದೆ ಒಂದು ಕಡೆ ಚರ್ಮ ತರಚಿತ್ತು, ರಾಗಿ ಕೊಯ್ಯುವಾಗ ಬೆರಳಿಗೆ ಆಗುವಷ್ಟು. ಆಮೇಲೆ ಡಾಕ್ಟರು ಬಂದು ಕೈಗವಸು ಹಾಕಿ ಹಿಂದಿನ ಮಾಂಸಖಂಡವನ್ನೂ ಸರಿಯಾಗಿ ಪರೀಕ್ಷೆ ಮಾಡಿದರು. "ಎಲ್ಲ ಸರಿಯಾಗಿದೆ. ಹೊಲಿಗೆ ಬೇಡ" ಎಂದು ಟ್ರೇಯಲ್ಲಿದ್ದ ಕತ್ತರಿಯನ್ನು ತಾವೇ ಎತ್ತಿ ಡಬ್ಬಿಯೊಳಗೆ ಹಾಕಿದರು. "ಟೀ ಕುಡಿಯೋಣ ಬನ್ನಿ ಸಿಸ್ಟರ್."

ನಾನು ಟೀ ಕುಡಿಯಲು ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ರತ್ನನಿಗೆ ಹೇಳಿದೆ: "ಹರೀಲಿಲ್ಲ ಕಣೇ. ಹರೀಲೇ ಇಲ್ಲ." ಅವಳು ನನ್ನ ಒದ್ದೆ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ನನಗೆ ಅಳು ಬಂತು. ಸಿದ್ದಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ಕಡೆ ತಿರುಗಿ ಮೂಗು ಸೀಟಿದಳು. "ಮತ್ತೆ ಹೆಣ್ಣೇಯ. ಆಗ್ಲಿ ಬುಡಿ, ಸೊಪ್ಪು ಕೊಯ್ಯಾಕೆ ಇನ್ನೊಂದ್ ಕೈ ಆಯ್ತು" ಎಂದಳು. ಮಗುವನ್ನು ತಾಯಿಯ ಪಕ್ಕ ಮಲಗಿಸಿ, ಇನ್ನೂ ಬಿಸಿಯಿದ್ದ ಬಟ್ಟೆಯೊಂದನ್ನು ಹಿಂಡಿ ಸೊಸೆಯ ಮುಖ ಒರೆಸಿದಳು.

ಮರುದಿನ ಬೆಳಿಗ್ಗೆ ರತ್ನ ಕಕ್ಕಸಿಗೆ ಹೋಗಲು ಒಪ್ಪಲಿಲ್ಲ. ಅಂಜಿಕೆ. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ ಎಂದ ಮೇಲೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದವಳ ಮುಖ ನೋಡಿ ನನಗೆ ಜೀವ ಬಂತು. "ನಾ ಯಾವಾಗ ಬ್ಯಾಡ ಅಂದ್ನೋ ಆವಾಗ ನಿಂತ್ಕತು" ಎಂದಳು, ಯಾವುದೋ ದೊಡ್ಡ ಪರೀಕ್ಷೆ ಪಾಸಾದವಳ ಹಾಗೆ. ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನಾವುದಿತ್ತು? ಆದರೂ ನಗಲಿಲ್ಲ. ಆಯಾ ಏನೇನೋ ತಮಾಷೆ ಮಾಡಿದಳು. ಅದೇ ಬಿಗಿದ ತುಟಿ, ಅದೇ ನಗುವ ಕಣ್ಣು.

ಅವರು ಮನೆಗೆ ಹೊರಡುವ ದಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ರತ್ನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜಡೆ ಹಾಕಿಕೊಳ್ಳುತ್ತಿದ್ದಳು. ಮಗು ನನ್ನ ಕೈಯಲ್ಲಿತ್ತು. ಆಗ ಹುಣಸೆಮರದ ಕಡೆಯಿಂದ ಸಿದ್ದಮ್ಮನ ಗಂಟಲು ಕೇಳಿಸಿತು. ಪಿಸುದನಿಯಲ್ಲ, ಕೆರೆಯಾಚೆಯ ಗಂಟಲು.

"ಊದೂ! ಊದೇ! ಮುಕ್ಕಿಗಿಕ್ಕೀಯ, ಜೋಕೆ! ಬೂದಿ ಹಾರ್ಸುದ್ರೆ ನೋಡು ಮತ್ತೆ!"

ಗಾಬರಿಯಾಗಿ ಕಿಟಕಿಯಿಂದ ನೋಡಿದೆ. ಎದುರಿನ ಹೆರಿಗೆ ಕೋಣೆಯ ಕಿಟಕಿಯ ಸರಳು ಹಿಡಿದುಕೊಂಡು, ಸುತ್ತ ಹೆಂಗಸರನ್ನು ಸೇರಿಸಿಕೊಂಡು ಸಿದ್ದಮ್ಮ ಕೂಗುತ್ತಿದ್ದಳು. ಉಳಿದವರೆಲ್ಲ "ಊದು, ಊದು" ಎಂದು ದನಿಗೂಡಿಸುತ್ತಿದ್ದರು. ಡಾಕ್ಟರು ಸ್ಟೆತಾಸ್ಕೋಪು ಕಿವಿಗೇ ಇಟ್ಟುಕೊಂಡು ಹೊರಗೆ ಓಡಿ ಬಂದರು.

"ಏನಮ್ಮ ಇದು? ಆ ಹುಡುಗಿ ಬಿ.ಪಿ. ನೋಡಿಸೋಕೆ ಬಂದಿರೋದು! ಅವಳಿಗಿನ್ನೂ ಏಳು ತಿಂಗಳು!"

ಒಳಗೆ ಆ ಬಡಪಾಯಿ ಹುಡುಗಿ, ತಪಾಸಣೆಗೂ ಬಳಸುತ್ತಿದ್ದ ಹೆರಿಗೆ ಮೇಜಿನ ಮೇಲೆ ಕೂತು, ಕಣ್ಣು ಕಣ್ಣು ಬಿಟ್ಟುಕೊಂಡು, ಹೆದರಿಕೆಗೆ ಫೂ ಫೂ ಎಂದು ಊದುತ್ತಲೇ ಇದ್ದಳು. ಸಿದ್ದಮ್ಮ ಜಗ್ಗಲಿಲ್ಲ. "ಇರ್ಲಿ ಬುಡಿ ಸ್ವಾಮಿ, ಈಗ್ಲೇ ಕಲ್ತ್ಕಳ್ಳಿ!"

ನನ್ನ ಪಕ್ಕದಲ್ಲಿ ಏನೋ ಸಿಡಿದ ಹಾಗಾಯಿತು. ರತ್ನ ನಕ್ಕಿದ್ದಳು. ಬಾಯಿ ತುಂಬ, ಹೊಟ್ಟೆ ತುಂಬ, ಗಟ್ಟಿಯಾಗಿ. ಅರ್ಧಕ್ಕೇ ಗಕ್ಕನೆ ನಿಲ್ಲಿಸಿದಳು. ಅರ್ಧ ಹೆಣೆದ ಜಡೆ ಕೈಯಿಂದ ಬಿಟ್ಟುಹೋಯಿತು. ಮೈಯೆಲ್ಲ ಬಿಗಿಹಿಡಿದು, ಕಣ್ಣು ಅಗಲಿಸಿ, ಕಾದು ಕೂತಳು. ನಾನೂ ಮಗುವನ್ನು ಹಿಡಿದುಕೊಂಡು ಕಾದು ನಿಂತೆ.

"ಏನೂ ಆಗ್ಲಿಲ್ಲ ಸಿಸ್ಟರಮ್ಮ" ಎಂದಳು ಮೆಲ್ಲಗೆ.

ಆಮೇಲೆ ಮತ್ತೆ ನಕ್ಕಳು. ತಲೆದಿಂಬಿನ ಮೇಲೆ ಉರುಳಿ, ಕಣ್ಣಲ್ಲಿ ನೀರು ಬರುವವರೆಗೆ, ಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡುವ ಹಾಗೆ ನಕ್ಕಳು. ಮೂರು ವರ್ಷದ್ದೆಲ್ಲ ಒಟ್ಟಿಗೇ ನಕ್ಕಳು. ಹೊರಗೆ ಸಿದ್ದಮ್ಮ ಇನ್ನೂ ಊದಿಸುತ್ತಲೇ ಇದ್ದಳು.